ಪಾವತಿ ಬೇಡ ಎಂದಿದ್ದೆ

ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನವರು ಹೇಳುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ನ್ಯಾಯ ಕೇಳಿದರೆ ಅದಕ್ಕೆ ಕೋಪ ಎಂದು ಹೆಸರಿಡುವುದು ಯಾವ ಊರಿನ ಕ್ರಮ ಎಂದು ಅದಕ್ಕೂ ಕೋಪಿಸಿಕೊಳ್ಳುತ್ತಿದ್ದೆ. ಮದುವೆಗೆ ಮೊದಲು ಎರಡು ವರ್ಷ ಉಡುಪಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದೆ. ಹಣ ಕಟ್ಟಿದವರ ಕಾಗದದ ಮೇಲೆ ‘ಪಾವತಿಯಾಗಿದೆ’ ಎಂಬ ರಬ್ಬರ್ ಮೊಹರು ಒತ್ತುವುದು ನನ್ನ ಕೆಲಸ. ಒತ್ತಿ ಒತ್ತಿ ಬಲಗೈಯ ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಪಾವತಿ ಎಂದರೆ ಹಣ ಕಟ್ಟುವುದು. ಈ ಒಂದು ಶಬ್ದದ ಬಗ್ಗೆಯಾದರೂ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ನಡುವಿನ ಮಾತು. ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ಆರು ವರ್ಷ ಕಳೆದು ನಾವು ವಾಶಿಗೆ ಬಂದಿದ್ದೆವು. ಇವರಿಗೆ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ. ನನಗೆ ಠಾಣೆ ನಗರದ ಒಂದು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ಕೆಲಸ. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ನಲವತ್ತು ಮಕ್ಕಳು. ವಾಶಿಯಿಂದ ಠಾಣೆಗೆ ಆಗ ರೈಲು ಇರಲಿಲ್ಲ. ಬಸ್ಸು ಬಂದರೆ ಬಂತು, ಬಂದ ಬಸ್ಸು ನಿಂತರೆ ನಿಂತಿತು. ನಿಂತ ಬಸ್ಸಿನೊಳಗೆ ಸೀರೆ ಉಟ್ಟ ಹೆಂಗಸಿನ ಪಾಡು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹೊತ್ತಿಗೆ ಗೇರು ಇಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಹೊಸ ನಮೂನೆಯ ಸ್ಕೂಟರು ಬಂತು. ಇವರು ತಮಗೆಂದೇ ಅದನ್ನು ತೆಗೆದುಕೊಂಡರು. ಒಂದು ವಾರ ಕಾರ್ಖಾನೆಗೆ ಓಡಿಸಿದರು. ಎಂಟನೆಯ ದಿನ, “ನಂಗೆ ಕಂಪೆನಿ ಬಸ್ಸೇ ಒಳ್ಳೇದು ಮಾರಾಯ್ತಿ, ಈ ಲಾರಿಗಳ ಮಧ್ಯೆ ಜೀವ ಬಾಯಿಗೆ ಬರ್ತದೆ. ನೀನು ಬೇಕಾದ್ರೆ ಕಲಿ,” ಎಂದರು. ಬೇಕಾದರೆ ಎಂದರೆ? ನನಗೆ ಬೇಕೇ ಬೇಕಿತ್ತು. ಸಾನಪಾಡಾ ಕಡೆ ಮನೆಗಳು ಬರುವ ಮೊದಲೇ ರಸ್ತೆ ಬಂದಿತ್ತು. ಆಚೀಚೆ ಬರೀ ಹುಲ್ಲು, ಅಲ್ಲಲ್ಲಿ ಅರ್ಧ ಎದ್ದ ಕಟ್ಟಡದ ಕಂಬಗಳು. ನಾಲ್ಕು ಭಾನುವಾರ ಅಲ್ಲಿ ಕಲಿತೆ. ಇವರು ಹಿಂದೆ ಓಡಿ ಓಡಿ ಸುಸ್ತಾಗಿ ಕಲ್ಲಿನ ರಾಶಿಯ ಮೇಲೆ ಕುಳಿತು, “ಬ್ರೇಕ್, ಬ್ರೇಕ್!” ಎಂದು ಕೂಗುತ್ತಿದ್ದರು. ಲೈಸೆನ್ಸ್ ಸಿಕ್ಕಿದ ದಿನ ನಾನು ಅದನ್ನು ದೇವರ ಮುಂದೆ ಇಟ್ಟು ಕೈಮುಗಿದೆ. ಆ ಕಂದು ಬಣ್ಣದ ಪುಟ್ಟ ಪುಸ್ತಕದಲ್ಲಿ ನನ್ನ ಫೋಟೋ ಮಾತ್ರ ಯಾರನ್ನೋ ಬೈಯಲು ಹೊರಟವಳ ಹಾಗೆ ಬಂದಿತ್ತು.

ಸ್ಕೂಟರ್ ಸಿಕ್ಕಿದ ಮೇಲೆ ನಾನು ಬೇರೆಯೇ ಹೆಂಗಸಾದೆ ಎಂದರೆ ಸುಳ್ಳಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಟಿಫಿನ್ ಡಬ್ಬಿಯನ್ನು ಮುಂದಿನ ಬುಟ್ಟಿಗೆ ಹಾಕಿ ಬೇಲಾಪುರ ರಸ್ತೆಗೆ ಇಳಿದರೆ ಆ ಮುಕ್ಕಾಲು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಕಾರ್ಖಾನೆಗಳ ಚಿಮಣಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಅದೂ ನನಗೆ ಹಿತವೆನಿಸುತ್ತಿತ್ತು.

ಆ ಬುಧವಾರ ನನಗೆ ತಡವಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಬಹಳ ಜನರ ಹತ್ತಿರ ತಡವಾಗಿತ್ತು ಎಂದೇ ಹೇಳಿದ್ದೇನೆ. ಒಂದು ಕಾರ್ಖಾನೆಯ ಸ್ಟಾಫ್ ಬಸ್ಸು ನನ್ನ ಪಕ್ಕಕ್ಕೆ ಬಂತು. ಕಿಟಕಿಯಲ್ಲಿ ತಲೆ ಹಾಕಿದ್ದ ಒಬ್ಬ, “ಓ ಬಾಯಿ, ಸಾಂಭಾಳೂನ್! ಪಡಶೀಲ್!” ಎಂದ. ಜೋಪಾನ, ಬಿದ್ದುಬಿಡುತ್ತೀ ಎಂದು. ಒಳಗಿದ್ದವರೆಲ್ಲ ಹೋ ಎಂದರು. ಬಸ್ಸು ಹೊಗೆ ಬಿಟ್ಟು ಮುಂದೆ ಹೋಯಿತು.

ಬೀಳುತ್ತೇನಂತೆ! ಎಲ್ಲಿಂದ ಬಂತೋ ಸಿಟ್ಟು. ಕೈ ತಿರುಗಿಸಿದಷ್ಟೂ ತಿರುಗಿಸಿದೆ. ಸ್ಕೂಟರು ಅದುವರೆಗೆ ಕಾಣದ ಅಂಕಿಯನ್ನು ಮುಳ್ಳು ಮುಟ್ಟಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಗಾಳಿ. ಬಸ್ಸನ್ನು ಹಿಂದೆ ಹಾಕಿದಾಗ ಕಿಟಕಿಯವನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ಗರ್ವ. ಹಾಗೆಯೇ ಇನ್ನೂ ಒಂದು ಮೈಲಿ ಹೋದೆ. ಆಗ ಬಸ್ಸೂ ಇರಲಿಲ್ಲ, ತಮಾಷೆ ಮಾಡುವವರೂ ಇರಲಿಲ್ಲ. ಬರೀ ಖುಷಿಗೆ ಓಡಿಸಿದೆ.

ಮುಂದೆ ರಸ್ತೆಯ ನಡುವೆ ಖಾಕಿ ಬಟ್ಟೆಯ ಪೊಲೀಸನೊಬ್ಬ ಕೈ ಅಡ್ಡ ಹಿಡಿದು ನಿಂತಿದ್ದ. ಅರ್ಧ ಫರ್ಲಾಂಗು ಹಿಂದೆ ಮರದಡಿಯಲ್ಲಿ ಇನ್ನೊಬ್ಬ ಬಾವುಟ ಹಿಡಿದು ನಿಂತಿದ್ದನ್ನು ನೋಡಿದ್ದೆ. ರಸ್ತೆ ರಿಪೇರಿ ಎಂದುಕೊಂಡಿದ್ದೆ. ಅವನು ಬಾವುಟ ಅಲ್ಲಾಡಿಸಿದ ಕೂಡಲೇ ಇವನು ಓಟದ ಪಂದ್ಯದ ಗಡಿಯಾರ ಒತ್ತುವುದು, ನಾನು ಮುಟ್ಟಿದ ಕೂಡಲೇ ನಿಲ್ಲಿಸುವುದು. ಅಷ್ಟರಿಂದಲೇ ವೇಗ ತಿಳಿಯುತ್ತದಂತೆ.

“ಗಾಡೀ ಬಾಜೂಲಾ ಘ್ಯಾ, ಬಾಯಿ,” ಎಂದ. ಬದಿಗೆ ನಿಲ್ಲಿಸಿದೆ. ಐವತ್ತು ದಾಟಿದ, ಮೀಸೆ ನರೆತ ಮನುಷ್ಯ. ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದ. ಅದರಲ್ಲಿ ನನಗೆ ಏನೂ ತಿಳಿಯಲಿಲ್ಲ. ಬೋರ್ಡಿನ ಕಡೆ ಬೆರಳು ತೋರಿಸಿದ. ನಲವತ್ತು ಎಂದು ಬರೆದಿತ್ತು. ಅದು ತಿಳಿಯಿತು. ಲೈಸೆನ್ಸ್ ಇಸಿದುಕೊಂಡು ಹಾಳೆ ಮಗುಚಿ ನೋಡಿ, “ಪನ್ನಾಸ್ ರುಪಯೇ,” ಎಂದ, ಐವತ್ತು ರೂಪಾಯಿ. ಆಮೇಲೆ ಕೊಂಚ ತಡೆದು, ತಗ್ಗಿದ ದನಿಯಲ್ಲಿ ಕೇಳಿದ: “ಪಾವತೀ ಪಾಹಿಜೇ ಕಾ?”

ಪಾಹಿಜೇ ಎಂದರೆ ಬೇಕು. ಅಷ್ಟು ಮರಾಠಿ ನನಗೆ ತರಕಾರಿಯವಳಿಂದ ಬಂದಿತ್ತು. ಪಾವತಿ ಬೇಕಾ ಎಂದು ಕೇಳುತ್ತಿದ್ದಾನೆ. ಹಣ ಕಟ್ಟಬೇಕಾ ಎಂದು ನನ್ನನ್ನೇ ಕೇಳುತ್ತಾನಲ್ಲ, ಎಂಥ ಕುಚೋದ್ಯ ಇವನದು! ನನ್ನ ಮಂಡೆ ಬಿಸಿಯಾಯಿತು.

“ಪಾವತಿ ನಕೋ!” ಎಂದೆ, ಬೇಡ ಎಂದು. “ಬಿಲ್ಕುಲ್ ನಕೋ! ಕಶಾಲಾ ಪಾವತಿ? ಮೈ ಟೀಚರ್ ಹೂಂ. ಪಾವತಿ ನಕೋ ಮ್ಹಣಜೆ ನಕೋ!”

ಪೊಲೀಸ ಆಚೀಚೆ ನೋಡಿದ. “ಹಳೂ ಬೋಲಾ ಬಾಯಿ, ಹಳೂ,” ಎಂದ. ಮೆಲ್ಲಗೆ ಮಾತಾಡು ಎಂದು. ನಾನು ಮೆಲ್ಲಗೆ ಮಾತಾಡುವ ಪೈಕಿಯೇ? ಇನ್ನೂ ಜೋರಾಗಿ, “ನಕೋ!” ಎಂದೆ. ಅವನ ಮುಖದಲ್ಲಿ ಒಂದು ನಗು ಬಂತು. ನನಗದು ಸೋಲಿನ ನಗುವಾಗಿ ಕಂಡಿತು. “ಬರಂ. ಮಗ್ ಪಂಚವೀಸ್ ದ್ಯಾ,” ಎಂದ. ಸರಿ, ಹಾಗಾದರೆ ಇಪ್ಪತ್ತೈದು ಕೊಡು.

ಒಂದು ಕ್ಷಣ ಯೋಚಿಸಿದೆ. ತಪ್ಪು ಮಾಡಿದ್ದು ಹೌದು. ಬೈದದ್ದಕ್ಕೆ ಅರ್ಧ ಬಿಟ್ಟಿದ್ದಾನೆ. ಪೂರ್ತಿ ಬಿಡಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ. ಹಣ ಕೊಟ್ಟೆ. “ಚಿಠ್ಠೀ?” ಎಂದು ಕೈ ಚಾಚಿದೆ, ಚೀಟಿ ಇಲ್ಲದೆ ಯಾರಿಗೂ ಹಣ ಕೊಡುವವಳಲ್ಲ ನಾನು. ಅವನು ಜೇಬಿನಿಂದ ಸಿಗರೇಟು ಪ್ಯಾಕಿನ ಒಂದು ತುಂಡು ತೆಗೆದು ಏನೋ ಅಂಕಿ ಗೀಚಿ ಲೈಸೆನ್ಸಿನ ಜೊತೆಗೆ ಕೊಟ್ಟು, ಕಳವಾ ಸೇತುವೆಯ ಕಡೆ ಕೈ ತೋರಿಸಿ, ಅಲ್ಲಿ ಯಾರಾದರೂ ಹಿಡಿದರೆ ಇದನ್ನು ತೋರಿಸು ಎಂದ. ನನ್ನ ಜೀವನದ ಮೊದಲ ದಂಡ ಅದು. ಅರ್ಧಕ್ಕೆ ಮುಗಿಸಿದ್ದೆ.

ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಜಂಭ ಕೊಚ್ಚಿದ್ದಕ್ಕೆ ಲೆಕ್ಕವಿಲ್ಲ. ಆ ಹೊತ್ತಿಗೆ ಅಲ್ಲಿದ್ದವರು ಮೂರನೇ ತರಗತಿಯ ಟೀಚರ್ ಒಬ್ಬರೇ. ವಿಜಾಪುರದ ಕಡೆಯವರು, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ತಂದೆ ಅಲ್ಲಿ ಹಮಾಲರಾಗಿದ್ದರು. ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ನಾನು ಎಲ್ಲವನ್ನೂ ಅಭಿನಯ ಸಹಿತ ಹೇಳಿದೆ. ಸಿಗರೇಟು ಪ್ಯಾಕಿನ ತುಂಡನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿದರು. “ಅಂವ ಏನಂತ ಕೇಳಿದ, ಇನ್ನೊಮ್ಮೆ ಹೇಳ್ರಿ?”

“ಪಾವತಿ ಪಾಹಿಜೇ ಕಾ ಅಂತ.”

“ನೀವೇನಂದ್ರಿ?”

“ನಕೋ ಅಂದೆ. ಸಮಾ ಬೈದೆ. ಅರ್ಧ ಮಾಡಿದ.”

ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು. ಹೆಗಲು ಅಲ್ಲಾಡತೊಡಗಿತು. ನನಗೆ ಮೊದಲು ಅಳುತ್ತಿದ್ದಾರೆ ಅನ್ನಿಸಿತು. “ಅಯ್ಯ ನಮ್ಮವ್ವ!” ಎಂದು ಕಣ್ಣೀರು ಒರೆಸಿಕೊಂಡರು. “ಮರಾಠ್ಯಾಗ ಪಾವತಿ ಅಂದ್ರ ರಸೀದಿ ರೀ! ರಸೀದಿ ಬೇಕೇನು ಅಂತ ಕೇಳ್ಯಾನ. ಬೇಕಂದ್ರ ಐವತ್ತು, ಸರಕಾರಕ್ಕ. ಬ್ಯಾಡಂದ್ರ ಇಪ್ಪತ್ತೈದು, ಅವನ ಕಿಸೇಕ್ಕ. ನೀವು ನಡು ರಸ್ತ್ಯಾಗ ನಿಂತು ರಸೀದಿ ಬ್ಯಾಡ, ರಸೀದಿ ಬ್ಯಾಡ ಅಂತ ಒದರೀರಿ. ಪಾಪ, ಹೆದರಿರಬೇಕ ಅಂವ!”

ನಾನು ನಗಲಿಲ್ಲ. “ಈ ಚೀಟಿ?” ಎಂದೆ.

“ಅದು ಮುಂದಿನಂವಗ ಗುರ್ತು. ನಮ್ಮ ಕಡಿಂದ ಮುಗದೈತಿ, ಬಿಡು ಅಂತ. ಬಿಡ್ರಿ ಬಾಯಿ, ಇಪ್ಪತ್ತೈದು ಉಳೀತು. ದಿನಾ ಎಷ್ಟು ಮಂದಿ ಕೊಡ್ತಾರ.”

ಗಂಟೆ ಹೊಡೆಯಿತು. ತರಗತಿಗೆ ಹೋಗಿ ಬೋರ್ಡಿನ ಮೇಲೆ ತಾರೀಕು ಬರೆದೆ, ಅದೂ ತಪ್ಪಾಗಿ ಬರೆದೆ. ದಿನಾ ಎಷ್ಟು ಮಂದಿಯಾದರೂ ಕೊಡಲಿ, ನಾನು ಕೊಡಕೂಡದಿತ್ತು. ಇದನ್ನು ಮನೆಯಲ್ಲಿ ಇವರಿಗೆ ಹೇಗೆ ಹೇಳುವುದು ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಪೊಲೀಸನ ಬಗ್ಗೆ, ಕಾನೂನಿನ ಬಗ್ಗೆ ನನಗೆ ಅಷ್ಟು ಚಿಂತೆ ಆಗಲಿಲ್ಲ. ಇವರ ಮುಖ ಹೇಗೆ ನೋಡಲಿ?

ಯಾಕೆಂದು ಹೇಳಬೇಕು. ಖರೀದಿ ವಿಭಾಗದಲ್ಲಿ ಇರುವವರ ಮನೆಗೆ ದೀಪಾವಳಿಗೆ ಏನೇನು ಬರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ನಮ್ಮ ಮನೆಗೂ ಬರುತ್ತಿತ್ತು, ಬಂದ ದಾರಿಯಲ್ಲೇ ಹಿಂದೆ ಹೋಗುತ್ತಿತ್ತು. ಒಮ್ಮೆ ಯಾರೋ ಮಾಲು ಪೂರೈಸುವವರು ಮಿಕ್ಸಿ ಕಳಿಸಿದರು. ಮಿಕ್ಸಿ! ಡೊಂಬಿವಲಿಯ ಆ ಕೋಣೆಯಲ್ಲಿ ರುಬ್ಬುವ ಕಲ್ಲಿಗೆ ಜಾಗವಿಲ್ಲದೆ ಅದನ್ನು ಮಂಚದಡಿಯಿಂದ ಎಳೆದು ರುಬ್ಬುತ್ತಿದ್ದವಳು ನಾನು. ಆದರೂ ಡಬ್ಬಿ ಬಿಚ್ಚಲು ಬಿಡಲಿಲ್ಲ. “ಈಗಲೇ ಹೋಗಿ ಕೊಟ್ಟು ಬನ್ನಿ,” ಎಂದು ಹಬ್ಬದ ದಿನ ಇವರನ್ನು ಲೋಕಲ್ ಹತ್ತಿಸಿದೆ. ಇವರು ಡಬ್ಬಿ ಹೊತ್ತು ಹೋದರು. ಇವರು ಜಗಳವಾಡುವವರಲ್ಲ.

ಮಿಕ್ಸಿ ಹಾಳಾಗಿ ಹೋಗಲಿ. ಈ ದಂಡದ ಸಂಗತಿಗೆ ಮೂರು ವರ್ಷ ಹಿಂದೆ ಇವರ ಅಮ್ಮ ಊರಿಂದ ನಮ್ಮಲ್ಲಿಗೆ ಬಂದಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮಂಚ ಖಾಲಿ ಇಲ್ಲವೆಂದು ಎರಡು ಮಂಚಗಳ ನಡುವೆ ನೆಲದ ಮೇಲೆ ಚಾಪೆ ಹಾಸಿದರು. ಹೋಗುವವರು ಬರುವವರು ಅತ್ತೆಯ ಕಾಲು ದಾಟಿಕೊಂಡೇ ಹೋಗಬೇಕು. ವಾರ್ಡಿನ ಒಬ್ಬ ಆಳು ಇವರನ್ನು ಬದಿಗೆ ಕರೆದು ಕೈ ಬಿಸಿ ಮಾಡಿದರೆ ಮಂಚ ಆಗುತ್ತದೆ ಎಂದನಂತೆ. ಇವರು ಬಂದು ನನಗೆ ಹೇಳಿದರು. ಕೇಳಿದ್ದಲ್ಲ, ಹೇಳಿದ್ದು, ಆದರೂ ಕಣ್ಣಲ್ಲಿ ಕೇಳುವುದಿತ್ತು. “ಒಂದು ಪೈಸೆ ಕೊಟ್ಟರೆ ನಾನು ಈ ಆಸ್ಪತ್ರೆಯ ಮೆಟ್ಟಿಲಿಂದಲೇ ಊರಿಗೆ ಹೋಗ್ತೇನೆ,” ಎಂದೆ. ಅತ್ತೆ ಎರಡು ದಿನ ನೆಲದ ಮೇಲೆ ಇದ್ದರು. ಮಗ್ಗುಲು ಬದಲಿಸುವಾಗ ಅವರು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಎರಡನೆಯ ದಿನ ಸಂಜೆ ನಾನು ಮೇಟ್ರನ್ ಕೋಣೆಗೆ ನುಗ್ಗಿ ಮುಖಕ್ಕೆ ಮಂಗಳಾರತಿ ಮಾಡಿದೆ. ತಿರುಗಿ ಬಂದಾಗ ಅತ್ತೆಗೆ ಮಂಚ ಆಗಿತ್ತು. ಅವರು ಚೇತರಿಸಿಕೊಂಡು, ಕೋಲು ಹಿಡಿದು ನಡೆಯುವಂತಾಗಿ ಊರಿಗೆ ಹೋದರು. “ನನ್ನ ಸೊಸೆ ಗಲಾಟೆ ಮಾಡಿ ಮಂಚ ಕೊಡಿಸಿದಳು,” ಎಂದು ಬೀದಿಗೆಲ್ಲ ಹೇಳಿದರು.

ಆ ಎರಡು ದಿನಗಳ ಬಗ್ಗೆ ಇವರು ನನ್ನ ಹತ್ತಿರ ಒಂದು ಮಾತು ಆಡಿದವರಲ್ಲ. ಹೆತ್ತ ತಾಯಿಯನ್ನು ನೆಲದ ಮೇಲೆ ಬಿಟ್ಟ ಮನುಷ್ಯ, ನಾನು ಹೇಳಿದೆನೆಂದು. ಈಗ ಅದೇ ನಾನು, ಬರೀ ಖುಷಿಗೆ ಗಾಡಿ ಓಡಿಸಿ ಸಿಕ್ಕಿಬಿದ್ದು, ಪೊಲೀಸನ ಕಿಸೆಗೆ ಇಪ್ಪತ್ತೈದು ಹಾಕಿ ಬಂದಿದ್ದೇನೆ. ಗೊತ್ತಿಲ್ಲದೆ ಎನ್ನಬಹುದು. ಎಷ್ಟು ಗೊತ್ತಿರಲಿಲ್ಲ? ಸಿಗರೇಟು ಪ್ಯಾಕಿನ ತುಂಡನ್ನು ರಸೀದಿ ಎಂದು ನಂಬುವಷ್ಟು ದಡ್ಡಿಯೇ ನಾನು, ಎರಡು ವರ್ಷ ಮೊಹರು ಒತ್ತಿದವಳು? ಅರ್ಧ ಆಯಿತಲ್ಲ ಎಂಬ ಸಂತೋಷದಲ್ಲಿ ಕಣ್ಣು ಮುಚ್ಚಿಕೊಂಡೆ. ಅದನ್ನು ನೆನೆಸಿದರೆ ಈಗಲೂ ನಾಚಿಕೆಯಾಗುತ್ತದೆ.

ಅಂದು ಮನೆಗೆ ಬಂದು ಏನೂ ಹೇಳಲಿಲ್ಲ. “ಎಂತ, ಇವತ್ತು ರೇಡಿಯೋ ಬಂದ್?” ಎಂದು ಇವರು ತಮಾಷೆ ಮಾಡಿದರು. ತಲೆನೋವು ಎಂದೆ.

ಮರುದಿನ ಬೆಳಿಗ್ಗೆ ಒಂದು ತೀರ್ಮಾನ ಮಾಡಿಕೊಂಡು ಹೊರಟೆ. ಅದೇ ಪೊಲೀಸನನ್ನು ಹಿಡಿದು ಐವತ್ತು ಕಟ್ಟಿ ರಸೀದಿ ತೆಗೆದುಕೊಳ್ಳುವುದು. ಆ ರಸೀದಿಯನ್ನು ಇವರ ಮುಂದಿಟ್ಟು ಇಷ್ಟು ತಪ್ಪಾಯಿತು, ಹೀಗೆ ಸರಿ ಮಾಡಿದೆ ಎನ್ನುವುದು. ಅವನು ಅದೇ ಜಾಗದಲ್ಲಿ ಇದ್ದ. ನಾನು ಇಪ್ಪತ್ತರ ವೇಗದಲ್ಲಿ ಬಂದು ಅವನ ಮುಂದೆ ನಿಂತು, ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮರಾಠಿಯಲ್ಲಿ, “ಮಲಾ ಪಾವತೀ ಪಾಹಿಜೇ,” ಎಂದೆ.

ಅವನ ಮುಖ ಸುಣ್ಣ ಬಳಿದ ಹಾಗಾಯಿತು. ನನ್ನ ಹಿಂದೆ ಯಾರಾದರೂ ಸಾಹೇಬರು ಬಂದಿದ್ದಾರೋ ಎಂದು ನೋಡಿದ. ಯಾರೂ ಇಲ್ಲವೆಂದು ತಿಳಿದ ಮೇಲೆ ಮರಾಠಿ ಬಿಟ್ಟು ಹಿಂದಿಯಲ್ಲಿ ಶುರು ಮಾಡಿದ. “ಮ್ಯಾಡಮ್, ನಾನು ನಿಮ್ಮನ್ನು ಮೊದಲೇ ಕೇಳಿದೆ ತಾನೇ? ಪಾವತೀ ಬೇಡ ಅಂದವರು ನೀವು. ನಾಲ್ಕು ಸಲ ಅಂದಿರಿ. ಅವನನ್ನು ಕೇಳಿ,” ಎಂದು ಬಾವುಟದವನ ಕಡೆ ಕೈ ತೋರಿಸಿದ. ಅಷ್ಟು ದೂರಕ್ಕೂ ಕೇಳಿಸಿತ್ತಂತೆ.

ನನ್ನ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ ಎಂದು ವಿವರಿಸಿದೆ. ಅವನು ತಲೆ ಕೆರೆದುಕೊಂಡ. ಕಿಸೆಗೆ ಕೈ ಹಾಕಿ ಇಪ್ಪತ್ತೈದು ತೆಗೆದು ಮುಂದೆ ಹಿಡಿದ. ನನಗೆ ಅದು ಬೇಡ, ರಸೀದಿ ಬೇಕು ಎಂದೆ. “ಹೇಗೆ ಬರೆಯಲಿ?” ಎಂದ. “ನಿನ್ನೆಯದನ್ನು ಇವತ್ತಿನ ಹಾಳೆಯಲ್ಲಿ ಬರೆಯಲಾಗುವುದಿಲ್ಲ. ಇವತ್ತು ನೀವು ಎತ್ತಿನ ಗಾಡಿಯ ಹಾಗೆ ಬಂದಿದ್ದೀರಿ.”

ಹೌದಾ? ಹಾಗಾದರೆ ಸರಿ. ಗಾಡಿ ತಿರುಗಿಸಿ ಒಂದು ಮೈಲಿ ಹಿಂದೆ ಹೋದೆ. ಅಲ್ಲಿಂದ ಕೈ ತಿರುಗಿಸಿಕೊಂಡು ಬಂದೆನಲ್ಲ, ಬುಧವಾರದ ವೇಗ ಏನೇನೂ ಅಲ್ಲ. ಬಾವುಟದವನು ನನ್ನನ್ನು ನೋಡಿ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಮೀಸೆಯವನು ರಸ್ತೆಗೆ ಬೆನ್ನು ತಿರುಗಿಸಿ, ಮರ ನೋಡುತ್ತಾ ನಿಂತ. ಅವರ ಮುಂದೆ ಹಾರ್ನ್ ಹೊಡೆದೆ. ತಿರುಗಲಿಲ್ಲ. ನನ್ನ ಹಿಂದೆಯೇ ನಿಧಾನಕ್ಕೆ ಬರುತ್ತಿದ್ದ ಒಂದು ಟೆಂಪೋವನ್ನು ಹಿಡಿದರು.

ಗಾಡಿ ನಿಲ್ಲಿಸಿ ಮತ್ತೆ ಹತ್ತಿರ ಹೋದಾಗ ಅವನು ಕೈ ಜೋಡಿಸಿದ. “ಸಾಹೇಬರ ಹತ್ತಿರ ಹೋಗಬೇಡಿ ಬಾಯಿ. ನಾಲ್ಕು ವರ್ಷದ ನೌಕರಿ ಉಳಿದಿದೆ.” ನಾನು ಪೊಲೀಸ್ ಚೌಕಿಗೆ ಹೋಗುವ ಮಾತೇ ಆಡಿರಲಿಲ್ಲ. ಅವನು ಹೇಳಿದ ಮೇಲೆ ಹೊಳೆಯಿತು.

ಗುರುವಾರ, ಶುಕ್ರವಾರ, ಶನಿವಾರ ಅದನ್ನೇ ಯೋಚಿಸಿದೆ. ಚೌಕಿಗೆ ಹೋಗಬಹುದು. ಹೋದರೆ, ಯಾರಿಗೆ ಕೊಟ್ಟಿರಿ ಎನ್ನುತ್ತಾರೆ. ತೋರಿಸಬೇಕು. ಅವನು ಕೇಳಿದ್ದು ತಪ್ಪೇ. ಆದರೆ ಬೇಕೋ ಬೇಡವೋ ಎಂದು ನನಗೇ ಬಿಟ್ಟಿದ್ದ. ಬೇಡ ಎಂದು ಬೊಬ್ಬೆ ಹಾಕಿದವಳು ನಾನು. ನನ್ನ ಕೈ ತೊಳೆದುಕೊಳ್ಳಲು ಅವನ ಅನ್ನ ಕಿತ್ತುಕೊಳ್ಳಬೇಕು. ಹಿಂದಿನ ವಾರ ಯಾರಾದರೂ ಇಂಥ ಸಂಗತಿ ತಂದು ಕೇಳಿದ್ದರೆ ನಾನು ಒಂದು ಉಸಿರಿಗೆ ಉತ್ತರ ಹೇಳುತ್ತಿದ್ದೆ: ಹೋಗಿ ದೂರು ಕೊಡಿ, ಅದರಲ್ಲಿ ಯೋಚಿಸುವುದೇನು. ಈಗ ಮೂರು ದಿನ ಯೋಚಿಸಿಯೂ ಹೋಗಲಾಗಲಿಲ್ಲ. ನನ್ನ ಖಡಕ್ಕುತನವೆಲ್ಲ ಬೇರೆಯವರ ಮೇಲೆ ತೋರಿಸಿದ್ದೇ ಹೊರತು ನನ್ನ ಮೈಗೆ ತಾಗಿದ್ದಲ್ಲ ಎಂದು ಮೊದಲ ಬಾರಿ ಅನ್ನಿಸಿತು. ಕಷ್ಟವಾಯಿತು ಅದನ್ನು ಒಪ್ಪಲು. ಚೌಕಿಗೆ ಹೋಗುವುದಿಲ್ಲ, ಇವರಿಗೆ ಹೇಳುವುದು ಎಂದು ನಿರ್ಧರಿಸಿದೆ. ಇವರು ಏನು ಬೇಕಾದರೂ ಹೇಳಲಿ. ಅತ್ತೆಯ ಎರಡು ದಿನದ ಲೆಕ್ಕ ಕೇಳಿದರೂ ಕೇಳಲಿ.

ಭಾನುವಾರ ಬೆಳಿಗ್ಗೆ ಇವರು ಅಡುಗೆಮನೆಯ ನೆಲದಲ್ಲಿ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು. ಭಾನುವಾರದ ಆ ಕೆಲಸ ಅವರದು. ನಾನು ಎದುರು ಕುಳಿತು, “ನಿಮ್ಮ ಹತ್ರ ಒಂದು ಹೇಳ್ಲಿಕ್ಕುಂಟು,” ಎಂದೆ. ಸ್ಟಾಫ್ ಬಸ್ಸಿನಿಂದ ಹಿಡಿದು ಪೊಲೀಸ ಬೆನ್ನು ತಿರುಗಿಸಿ ನಿಂತದ್ದರವರೆಗೆ ಹೇಳಿದೆ. ತಡವಾಗಿರಲಿಲ್ಲ ಎಂಬುದನ್ನೂ ಹೇಳಿದೆ.

ಇವರು ತುರಿಯುವುದನ್ನು ನಿಲ್ಲಿಸಲಿಲ್ಲ. “ಅಷ್ಟೇಯಾ?” ಎಂದರು. “ನಾಲ್ಕು ದಿನದಿಂದ ನಿನ್ನ ಮುಖ ನೋಡಿ ಎಂತದೋ ಆಕ್ಸಿಡೆಂಟ್ ಮಾಡಿದ್ದಿ ಅಂತ ಗ್ರಹಿಸಿದ್ದೆ ನಾನು.”

“ಅಷ್ಟೇ ಅಂದ್ರೆ ಎಂತ? ಲಂಚ ಅಲ್ವಾ ಅದು?”

“ಗೊತ್ತಿಲ್ಲದೆ ಕೊಟ್ಟದ್ದಲ್ವಾ ಮಾರಾಯ್ತಿ. ಬಿಡು.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಿಡು ಎಂದದ್ದಕ್ಕೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು. “ಹೇಗೆ ಬಿಡುದು? ಅಮ್ಮ ನೆಲದಲ್ಲಿ ಬಿದ್ದಿದ್ರು. ಆಗ ನಾನು ನಿಮ್ಮನ್ನ ಬಿಟ್ಟೆನಾ? ಎರಡು ದಿನ ಅವರನ್ನು ನೆಲದಲ್ಲಿ ಮಲಗಿಸಿದವಳು ನಾನು. ನೀವು ಅದನ್ನು ಹೇಳಿ. ಒಮ್ಮೆ ಬಾಯಿ ಬಿಟ್ಟು ಹೇಳಿ.”

ಅವರ ಕೈ ನಿಂತಿತು. ಕೈಯಲ್ಲಿದ್ದ ಅರ್ಧ ಕಾಯಿಯ ಗಡಿಯನ್ನು ತಟ್ಟೆಯಲ್ಲಿಟ್ಟರು. ಬೆರಳಿಗೆ ಅಂಟಿದ ತುರಿಯನ್ನು ಒಂದೊಂದಾಗಿ ಬಿಡಿಸಿದರು.

“ಆ ಮಂಚ,” ಎಂದರು. “ನೀನು ಮೇಟ್ರನ್ ಹತ್ರ ಹೋದಿಯಲ್ಲ, ಆಗ ನಾನು ಅವನಿಗೆ ಕೊಟ್ಟೆ.”

ನನಗೆ ಅರ್ಥವಾಗಲಿಲ್ಲ. “ಯಾರಿಗೆ?”

“ಆ ಆಳಿಗೆ. ಅಮ್ಮನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ. ಅವ ಹತ್ತು ನಿಮಿಷದಲ್ಲಿ ಮಂಚ ಮಾಡಿದ. ಅಷ್ಟರಲ್ಲಿ ನೀನು ಬಂದಿ. ‘ನೋಡಿದ್ರಾ, ಬೈದದ್ದಕ್ಕೆ ಆಯ್ತು’ ಅಂದಿ. ಅಮ್ಮನೂ ಹಾಗೇ ಗ್ರಹಿಸಿದ್ಲು. ಮತ್ತೆ ನಾನು ಎಂತ ಹೇಳುದು?”

ಮೇಟ್ರನ್ ಕೋಣೆಯಿಂದ ನಾನು ಬಂದ ಭಂಗಿ ನೆನಪಾಯಿತು. ಅತ್ತೆ ನನ್ನ ಕೈ ಹಿಡಿದುಕೊಂಡದ್ದು, ನಾನು ಆ ಕಥೆಯನ್ನು ಊರಲ್ಲಿ, ಡೊಂಬಿವಲಿಯಲ್ಲಿ, ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದು, ಪ್ರತಿ ಸಲವೂ ಇವರು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದದ್ದು. ಯಾವುದಕ್ಕೆ ಮೊದಲು ಸಿಟ್ಟಾಗಬೇಕೆಂದು ನನಗೆ ತಿಳಿಯಲಿಲ್ಲ. ಹುಡುಕಿದೆ ಕೂಡ. ಸಿಟ್ಟೇ ಬರಲಿಲ್ಲ.

“ನನ್ನ ಹತ್ರ ಯಾಕೆ ಹೇಳ್ಲಿಲ್ಲ?” ಎಂದೆ.

“ಹೆದರಿಕೆ,” ಎಂದರು.

ತಮಾಷೆಗೆ ಹೇಳಿದ್ದಲ್ಲ. ನನ್ನ ಕಡೆ ನೋಡದೆ ಹೇಳಿದರು, ಹೇಳಿ ಕಾಯಿಯ ಗಡಿ ಎತ್ತಿಕೊಂಡರು. ಬುಧವಾರದಿಂದ ಆ ನಾಲ್ಕು ದಿನ ಅವರ ಎದುರು ಕುಳಿತು ನನಗೆ ಒಂದು ತುತ್ತು ನೆಟ್ಟಗೆ ಇಳಿದಿರಲಿಲ್ಲ. ಅವರು ಮೂರು ವರ್ಷ ನನ್ನ ಎದುರು ಕುಳಿತು ಊಟ ಮಾಡಿದ್ದರು.